ವಿಹಾರವೂ ವಿಶ್ರಾಂತಿಯೂ

ಮನುಷ್ಯನಿಗೆ ಉದ್ಯೋಗವು ಹೇಗೆ ಧರ್ಮವೋ ಹಾಗೆ ವಿಶ್ರಾಂತಿಯೂ ಧರ್ಮವೆನಿಸಬಹುದೋ, ಇಲ್ಲವೆ ಅದು ಕೇವಲ ದೇಹದ ಒಂದು ಅನಿವಾರ್ಯ ಅವಸ್ಥೆಯೋ ಎಂಬ ಪ್ರಶ್ನೆಯು ಹಳೆಯದಾದರೂ ಈಚೆಗೆ ಅದಕ್ಕೆ ಹೊಸದೊಂದು ರೂಪವು ಬಂದಿರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಮುಂತಾದ ಊರುಗಳ ಸುಶಿಕ್ಷಿತ ಮನೆತನಗಳಲ್ಲಿ ರಜೆಯ ನಾಲ್ಕು ದಿವಸಗಳು ಸಮೀಪಿಸಿದವೆಂದರೆ, ಎಲ್ಲಿಗೆ ಹೋಗಬೇಕು, ಏನೇನು ನೋಡಬೇಕು ಎಂಬ ಚರ್ಚೆಯು ತಿಂಗಳು ಮೊದಲೇ ಆರಂಭವಾಗುತ್ತದೆ. ಮಕ್ಕಳು ಯುರೋಪಿನಲ್ಲಿ ಉದ್ಯೋಗದಲ್ಲಿರುವ ಮನೆಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಂಥ ಕಾಲುವೆಗಳ ನಗರದ ಹೆಸರೂ ಕೇಳಿಬರುತ್ತದೆ. ಆದರೆ ಹೋಗಿ ಬಂದವರನ್ನು ವಿಚಾರಿಸಿದರೆ, ನೋಡಿದ ಸ್ಥಳಗಳ ಯಾದಿಯನ್ನು ಹೇಳಿ ಮುಗಿಸಿದ ಮೇಲೆ, ಬಹಳ ದಣಿವಾಯಿತೆಂದು ಅನ್ನುವವರೇ ಹೆಚ್ಚು. ವಿಶ್ರಾಂತಿಗೆಂದು ಹೋದವರು ದಣಿದು ಬರುವದಾದರೆ ದೋಷವು ಎಲ್ಲಿರುತ್ತದೆ?

ಶಬ್ದದಿಂದಲೇ ವಿಚಾರವನ್ನು ಪ್ರಾರಂಭಿಸಬಹುದು. ಶ್ರಮ, ಆಶ್ರಮ, ಶ್ರಮಣ, ವಿಶ್ರಮ ಈ ನಾಲ್ಕೂ ಶಬ್ದಗಳು ‘ಶ್ರಮ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ದುಡಿತ, ದುಡಿದವನು ನೆಲೆಸುವ ಸ್ಥಾನ, ತಪಸ್ಸಿನಲ್ಲಿ ದುಡಿಯುವವನು, ದುಡಿತದ ಉಪಶಮನ ಇವೆಲ್ಲವುಗಳಿಗೂ ಭಾಷೆಯು ಒಂದೇ ಬೇರನ್ನು ಕೊಟ್ಟಿರುವದರಲ್ಲಿ ಅರ್ಥವಿದೆ. ಶ್ರಮವಿಲ್ಲದವನಿಗೆ ದೊರೆಯುವದು ಆಲಸ್ಯವೇ ಹೊರತು ವಿಶ್ರಾಂತಿಯಲ್ಲ. ವಿಹಾರವೆಂಬ ಶಬ್ದವೂ ವಿಚಾರಾರ್ಹವಾದದ್ದು. ಸುಖಕ್ಕಾಗಿ ತಿರುಗಾಡುವದಕ್ಕೂ ಬೌದ್ಧ ಭಿಕ್ಷುಗಳು ನೆಲೆನಿಲ್ಲುವ ಮಂದಿರಕ್ಕೂ ಅದೇ ಹೆಸರು. ಗೀತೆಯ ಆರನೆಯ ಅಧ್ಯಾಯವು ಆಹಾರದಂತೆ ವಿಹಾರದಲ್ಲಿಯೂ ಮಿತಿಯನ್ನು ಯೋಗದ ಅಂಗವೆಂದೇ ಎಣಿಸುತ್ತದೆ. ಎಂದ ಮೇಲೆ ವಿಹಾರವನ್ನು ನಿಷೇಧಿಸುವ ಕಾರಣವಿಲ್ಲ. ಅದರ ಮಿತಿಯನ್ನು ಅರಿಯುವದಷ್ಟೇ ಉಳಿಯಿತು.

ಇಲ್ಲಿ ಒಂದು ಆಕ್ಷೇಪವುಂಟು. ವಿಶ್ರಾಂತಿಯು ತಾನಾಗಿ ಬರತಕ್ಕದ್ದು. ಮೊದಲೇ ಯೋಜಿಸಿ, ಗಳಿಗೆಗಳನ್ನು ಹಂಚಿ, ಅದನ್ನು ಪಡೆಯಹೊರಡುವದು ನಿದ್ರೆಯನ್ನು ಹಟದಿಂದ ಬರಿಸಿಕೊಂಡಂತೆ ಎಂದು ಕೆಲವರು ಅನ್ನುವರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ನಿದ್ರೆಯನ್ನು ಬರಿಸಲಾಗದಿದ್ದರೂ ಹಾಸಿಗೆಯನ್ನು ಹಾಸಲೇಬೇಕಾಗುತ್ತದೆ. ಹಾಸಿಗೆಯನ್ನು ಯಾರು ಹಾಸಬೇಕು, ಅದರಲ್ಲಿ ಯಾರು ಮಲಗಬೇಕು ಎಂಬಲ್ಲಿಯೇ ಯೋಜನೆಯು ನೀತಿಯ ಪ್ರಶ್ನೆಯಾಗುತ್ತದೆ.

ಮೊದಲು ದೂರದ ಉದಾಹರಣೆಯನ್ನು ನೋಡಬಹುದು. ಆಮ್‌ಸ್ಟರ್‌ಡ್ಯಾಮಿನ ಪ್ರಸಿದ್ಧ ಕಾಲುವೆಗಳ ವಲಯವನ್ನು ಅಗೆಯಲು 1613ರಲ್ಲಿ ಆರಂಭಿಸಿದರು. ಅವು ವ್ಯಾಪಾರದ ಸರಕನ್ನು ಉಗ್ರಾಣಗಳ ಬಾಗಿಲಿಗೆ ಮುಟ್ಟಿಸುವ ಜಲಮಾರ್ಗಗಳಾಗಿದ್ದವು. ಆ ಡಚ್ಚರೇ 1637ರಲ್ಲಿ ವಿಜಾಪುರದ ಆದಿಲಶಾಹರ ರಾಜ್ಯಕ್ಕೆ ಸೇರಿದ್ದ ವೆಂಗುರ್ಲಾ ಬಂದರದಲ್ಲಿ ವಖಾರಿಯನ್ನು ಸ್ಥಾಪಿಸಿದರು. ಆಗ ಅಥಣಿ, ರಾಯಬಾಗಗಳೂ ಅದೇ ರಾಜ್ಯದೊಳಗಿನ ಪೇಟೆಗಳಾಗಿದ್ದವು. ಇಂದು ಆ ಕಾಲುವೆಗಳಲ್ಲಿ ಸರಕಿನ ಬದಲು ಪ್ರವಾಸಿಕರು ಸಂಚರಿಸುತ್ತಾರೆ. 2010ರಲ್ಲಿ ಅವು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿದವು. ಆದರೆ 2023ರಲ್ಲಿ ಅದೇ ನಗರದ ಆಡಳಿತವು, ಕುಡಿದು ಗದ್ದಲವೆಬ್ಬಿಸುವ ಉದ್ದೇಶದಿಂದ ಬರುವವರು ದೂರವಿರಬೇಕೆಂದು ಬಹಿರಂಗವಾಗಿ ಸಾರಬೇಕಾಯಿತು. ಒಬ್ಬರ ವಿಹಾರವು ಇನ್ನೊಬ್ಬರ ಮನೆಯ ಶಾಂತಿಯನ್ನು ಹೇಗೆ ಕೆಡಿಸಬಲ್ಲದೆಂಬುದಕ್ಕೆ ಇಷ್ಟು ಸಾಕು.

ಇನ್ನು ಸಮೀಪದ ಉದಾಹರಣೆ. ಈ ಸೀಮೆಯವರಿಗೆ ನೀರಿನ ದಂಡೆಯೂ ಪುರಾತನ ಶಿಲ್ಪವೂ ಒಂದೇ ಕಡೆಗೆ ಬೇಕಾದರೆ ಕೃಷ್ಣಾತೀರವೇ ಇದೆ. ಕಾಗವಾಡ ಸೀಮೆಯ ಎದುರಿಗೆ, ಹೊಳೆಯಾಚೆ, ಕೊಲ್ಲಾಪುರ ಜಿಲ್ಲೆಯ ಖಿದ್ರಾಪುರದಲ್ಲಿ ಕೋಪೇಶ್ವರನ ದೇವಾಲಯವಿರುತ್ತದೆ. ಅಲ್ಲಿ ಯಾದವ ದೊರೆ ಸಿಂಘಣನ ಕಾಲದ ಶಕ 1136ರ ಸಂಸ್ಕೃತ ಶಾಸನವಿದೆ. ಮುಂಭಾಗದ ಸ್ವರ್ಗಮಂಟಪದ ಛಾವಣಿಯು ನಡುವೆ ವರ್ತುಲಾಕಾರವಾಗಿ ತೆರೆದಿದ್ದು, ಅದರ ಕೆಳಗೆ ಹಾಸಿದ ದುಂಡುಗಲ್ಲಿನ ಸುತ್ತಲೂ 12 ಕಂಬಗಳು ನಿಂತಿವೆ. ಶಿವಾಲಯವಾದರೂ ಇಲ್ಲಿ ನಂದಿಯಿಲ್ಲ. ದಕ್ಷನ ಯಜ್ಞಕ್ಕೆ ಹೊರಟ ಸತಿಯು ನಂದಿಯನ್ನೇರಿ ಯಡೂರಿಗೆ ಹೋದಳೆಂದೂ, ಅವಳ ಮರಣದಿಂದ ಕೋಪಾವಿಷ್ಟನಾದ ಶಿವನನ್ನು ವಿಷ್ಣುವು ಇಲ್ಲಿ ಸಮಾಧಾನಪಡಿಸಿದನೆಂದೂ ಸ್ಥಳಪುರಾಣವು ಹೇಳುತ್ತದೆ. ಗರ್ಭಗೃಹದಲ್ಲಿ ಕೋಪೇಶ್ವರನ ಹತ್ತಿರವೇ ಧೋಪೇಶ್ವರನೆಂಬ ಹೆಸರಿನಲ್ಲಿ ವಿಷ್ಣುವಿನ ಪೂಜೆಯು ನಡೆಯುತ್ತದೆ. ಕೋಪವು ಶಮನವಾಗುವದಕ್ಕೆ ಒಬ್ಬ ಗೆಳೆಯನು ಪಕ್ಕದಲ್ಲಿ ಕುಳಿತುಕೊಳ್ಳುವದು ಬೇಕಾಯಿತೆಂಬ ಈ ಕಥೆಯಲ್ಲಿ ವಿಶ್ರಾಂತಿಯ ಮರ್ಮವು ಅಡಗಿದೆ.

ಆದರೆ ಮೂರು ದಿವಸಗಳ ಯೋಜನೆಯನ್ನು ಹಾಕುವವರು ಮಾಡುವದೇನು? ಖಿದ್ರಾಪುರಕ್ಕೆ ಒಂದು ತಾಸನ್ನು ಕೊಟ್ಟು, ಅದೇ ದಿನ ನರಸೋಬಾವಾಡಿಯ ಸಂಗಮ, ಮರುದಿನ ಯಡೂರ ವೀರಭದ್ರ, ಚಿಂಚಲಿಯ ಮಾಯಕ್ಕ, ಮೂರನೆಯ ದಿನ ಅಥಣಿಯ ಗಚ್ಚಿನ ಮಠ, ಶೇಡಬಾಳದ ಬಸದಿ ಎಂದು ಪೋಣಿಸುವರು. ಇವೆಲ್ಲವೂ ದರ್ಶನೀಯ ಸ್ಥಳಗಳೇ ಸರಿ. ಆದರೆ ಸ್ವರ್ಗಮಂಟಪದ ತೆರಪಿನಿಂದ ಬಿದ್ದ ಬಿಸಿಲಿನ ವರ್ತುಲವು ನೆಲದ ಮೇಲೆ ಸರಿಯುವದನ್ನು ಕಾಣಬೇಕಾದರೆ ಅರ್ಧ ದಿವಸ ಕುಳಿತಿರಬೇಕಾಗುತ್ತದೆ. ಯಾವುದನ್ನು ಬಿಡಬೇಕೆಂಬ ನಿಶ್ಚಯವೇ ಉತ್ತಮ ಯೋಜನೆಯ ಮೊದಲನೆಯ ಲಕ್ಷಣವು.

ಎರಡನೆಯ ಲಕ್ಷಣವು ಇದಕ್ಕಿಂತ ಕಠಿಣವಾದದ್ದು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗವನ್ನು ಇಡಬಾರದೆಂಬ ಕಟ್ಟಳೆಯು ಈ ನಾಡಿನ ಒಕ್ಕಲುಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುತ್ತದೆ. ಅದೇ ಮನೆಯ ಗೃಹಿಣಿಗೆ ಮಾತ್ರ ಯಾವ ಸೋಮವಾರವೂ ಇಲ್ಲ. ಮನೆಮಂದಿಯೆಲ್ಲ ವಿಹಾರಕ್ಕೆ ಹೊರಡುವದೆಂದರೆ ಆಕೆಯು ಎರಡು ದಿನ ಮೊದಲೇ ಕಟಕ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿಯನ್ನು ಸಿದ್ಧಪಡಿಸುವಳು. ಹೊಳೆಯ ದಂಡೆಯಲ್ಲಿ ಎಲ್ಲರಿಗೂ ಬಡಿಸುವಳು. ಮರಳಿ ಬಂದ ಮೇಲೆ ಮೈಲಿಗೆಯಾದ ಅರಿವೆಗಳ ರಾಶಿಯ ಮುಂದೆ ಕೂಡ್ರುವಳು. ಉಳಿದವರು ಪಡೆದದ್ದಕ್ಕೆ ಸರಿಯಾಗಿ ಆಕೆಯ ಶ್ರಮವು ಹೆಚ್ಚಾಗಿರುತ್ತದೆ. ಇನ್ನೊಬ್ಬರ ಹೆಗಲಿಗೆ ಸರಿಸಿದ ಭಾರವನ್ನು ವಿಶ್ರಾಂತಿಯೆಂದು ಕರೆಯುವದು ಶಬ್ದಕ್ಕೂ ಅಪಚಾರ, ಧರ್ಮಕ್ಕೂ ಅಪಚಾರ.

ಮನೆಯ ಹೊರಗೂ ಇದೇ ನ್ಯಾಯವು. ಕೃಷ್ಣೆಯು ತಿಳಿಯಾಗಿ ಹರಿಯುವ ಚಳಿಗಾಲವೇ ವಿಹಾರಕ್ಕೆ ಅನುಕೂಲವಾದದ್ದು. ಆದರೆ ಕಬ್ಬು ಕಡಿಯುವ ಹಂಗಾಮವೂ ಅದೇ. ಹೊರ ಜಿಲ್ಲೆಗಳಿಂದ ಬಂದ ಕೂಲಿಕಾರರು ಮಕ್ಕಳೊಂದಿಗೆ ಹೊಲಗಳ ಬದಿಗೆ ಗುಡಿಸಲು ಹಾಕಿಕೊಂಡು ನಸುಕಿನಲ್ಲಿಯೇ ಕುಡುಗೋಲು ಹಿಡಿಯುವರು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಸಾವಿರ ಬೀಡಿಗೆ ಇಂತಿಷ್ಟೆಂದು ಕೂಲಿ. ಕೈ ನಿಂತ ದಿನ ಕೂಲಿಯೂ ನಿಲ್ಲುತ್ತದೆ. ಸಂಬಳಸಹಿತ ವಾರ್ಷಿಕ ರಜೆಯ ಒಪ್ಪಂದವನ್ನು ಜಿನೀವಾದ ಕಾರ್ಮಿಕ ಪರಿಷತ್ತು 1936ರಲ್ಲಿ ಮಾಡಿತು. 1948ರ ಮಾನವ ಹಕ್ಕುಗಳ ಘೋಷಣೆಯ 24ನೆಯ ಕಲಮು ವಿಶ್ರಾಂತಿಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿತು. 1966ರಲ್ಲಿ ಭಾರತವು ಬೀಡಿ ಕಾರ್ಮಿಕರಿಗಾಗಿಯೇ ಕಾಯಿದೆಯನ್ನು ಮಾಡಿ ಸಂಬಳಸಹಿತ ರಜೆಯನ್ನು ಅದರಲ್ಲಿ ಸೇರಿಸಿತು. ಬರೆದಿಟ್ಟ ಹಕ್ಕು ಮನೆಯ ಹೊಸ್ತಿಲವರೆಗೆ ಬರುವದು ಬೇರೆಯೇ ಒಂದು ಪಯಣವಾಗಿರುತ್ತದೆ.

ಹಾಗಾದರೆ ಉಳಿದವರು ದುಡಿಯುತ್ತಿರುವಾಗ ಯಾರೂ ವಿಶ್ರಮಿಸಬಾರದೋ? ಹಾಗೆಂದರೆ ಲೋಕಕ್ಕೆ ದಣಿವಲ್ಲದೆ ಮತ್ತೇನೂ ಲಾಭವಾಗಲಾರದು. ಇಲ್ಲಿ ಶ್ರಮಣರ ಒಂದು ಆಚಾರವು ದಾರಿಯನ್ನು ತೋರಿಸುತ್ತದೆ. ದೂಧಗಂಗಾ ವೇದಗಂಗೆಗಳು ಕೂಡುವಲ್ಲಿರುವ ಭೋಜ ಗ್ರಾಮವು ಆಚಾರ್ಯ ಶಾಂತಿಸಾಗರರ ಊರು. ಅವರ ಪರಂಪರೆಯ ಜೈನ ಮುನಿಗಳು ವರ್ಷವೆಲ್ಲ ಕಾಲ್ನಡೆಯಿಂದ ಸಂಚರಿಸಿದರೂ ಮಳೆಗಾಲದಲ್ಲಿ ಚಾತುರ್ಮಾಸಕ್ಕೆಂದು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಮಳೆಗೆ ಹುಟ್ಟಿದ ಸೂಕ್ಷ್ಮ ಜೀವಿಗಳು ಕಾಲಡಿಗೆ ಸಿಕ್ಕು ಸಾಯಬಾರದೆಂಬುದೇ ಅದರ ಕಾರಣವು. ತಾವು ನಿಲ್ಲುವದರಿಂದ ಇತರರಿಗೂ ಬದುಕುವ ಅವಕಾಶವಾಗಬೇಕೆಂಬ ಈ ಭಾವವು ಗೃಹಸ್ಥನ ಮೂರು ದಿನದ ವಿಹಾರಕ್ಕೂ ಸಲ್ಲತಕ್ಕದ್ದು.

ಅಂತೇ ವಿಹಾರದ ಯೋಜನೆಗೆ ಕುಳಿತ ಯಜಮಾನನು ಸ್ಥಳಗಳ ಯಾದಿಗಿಂತ ಮೊದಲು ಮನುಷ್ಯರ ಯಾದಿಯನ್ನು ಬರೆಯುವದು ಒಳ್ಳೆಯದು. ಆ ದಿನಗಳಲ್ಲಿ ಮನೆಯ ಹೆಂಗಸರು ಒಲೆಯ ಮುಂದೆ ನಿಲ್ಲುವದಿಲ್ಲವಷ್ಟೆ? ಗಾಡಿ ನಡೆಸುವವನಿಗೆ ಹೊತ್ತಿಗೆ ಊಟವೂ ರಾತ್ರಿ ಮಲಗಲು ಸ್ಥಳವೂ ಉಂಟೋ? ಮನೆಗೆಲಸಕ್ಕೆ ಬರುವವಳಿಗೆ ಆ ಮೂರು ದಿನಗಳ ಸಂಬಳವನ್ನು ಕತ್ತರಿಸದೆ ಬಿಡುವು ಕೊಡಲಾಗಿದೆಯೋ? ಈ ಪ್ರಶ್ನೆಗಳಿಗೆ ಸಮರ್ಪಕ ಉತ್ತರವು ದೊರೆತ ಮೇಲೆ ಹೊಳೆಯ ದಂಡೆಯಾದರೇನು, ಡಚ್ಚರ ಕಾಲುವೆಯ ದಂಡೆಯಾದರೇನು, ನಿಶ್ಚಿಂತೆಯಿಂದ ಕುಳಿತುಕೊಳ್ಳಬಹುದು. ಉತ್ತರವು ದೊರೆಯದಿದ್ದರೆ ಇನ್ನೊಂದು ವಾರ ತಡೆದು, ಮೊದಲು ಅದನ್ನು ಸರಿಪಡಿಸಿ ಹೊರಡುವದೇ ಲೇಸು.