ತಪ್ಪು ಎಲ್ಲಿದೆ?

ಚದುರಂಗದ ಮಣೆಯ ಅಕ್ಕಿಕಾಳಿನ ಕಥೆ ನಿಮಗೆಲ್ಲ ಗೊತ್ತಿರಬೇಕು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋದರೆ ರಾಜನ ಕಣಜವೇ ಬರಿದಾಗುತ್ತದೆ. ಮಣೆಯಲ್ಲಿ 64ರ ಬದಲು 67 ಮನೆಗಳಿದ್ದರೆ ಒಟ್ಟು ಕಾಳುಗಳು 147573952589676412927. ಈ ಸಂಖ್ಯೆ ಗಣಿತದ ಮೇಷ್ಟರಾದ ನನಗೇ ಒಂದು ಪಾಠ ಕಲಿಸಿತು.

1644ರಲ್ಲಿ ಫ್ರಾನ್ಸಿನ ಮರ್ಸೆನ್ ಎಂಬ ಕ್ರೈಸ್ತ ಸನ್ಯಾಸಿ ಇದನ್ನು ಅವಿಭಾಜ್ಯ ಸಂಖ್ಯೆಗಳ ಪಟ್ಟಿಗೆ ಸೇರಿಸಿದರು. ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ. ಅದು ಹಾಗಲ್ಲವೆಂದು 1876ರಲ್ಲಿ ಲ್ಯುಕಾ ಎಂಬ ಗಣಿತಜ್ಞರು ಸಾಧಿಸಿದರು. ಆದರೆ ಯಾವುದರಿಂದ ಭಾಗವಾಗುತ್ತದೆ ಎಂಬುದು ಅವರಿಗೂ ತಿಳಿಯಲಿಲ್ಲ. ಅದು ಹೇಗೆ ಎನ್ನುತ್ತೀರಾ? ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ತಟ್ಟುತ್ತೇವಲ್ಲ, ಹಾಗೆ. ಸದ್ದು ಒಡಕಾದರೆ ಬಿರುಕಿದೆ ಎಂದು ಗೊತ್ತಾಗುತ್ತದೆ. ಎಲ್ಲಿದೆ ಎಂದು ಕಾಣುವುದಿಲ್ಲ.

1903ರಲ್ಲಿ ಅಮೆರಿಕದ ಗಣಿತಜ್ಞರ ಸಭೆಯೊಂದರಲ್ಲಿ ಕೋಲ್ ಎಂಬ ಪ್ರಾಧ್ಯಾಪಕರು ಮಾತಿಲ್ಲದೆ ಕರಿಹಲಗೆಯ ಬಳಿ ಹೋದರಂತೆ. ಎರಡನ್ನು 67 ಸಲ ಗುಣಿಸಿ ಒಂದು ಕಳೆದರು. ಪಕ್ಕದಲ್ಲಿ 193707721ನ್ನು 761838257287ರಿಂದ ಗುಣಿಸಿದರು. ಎರಡೂ ಒಂದೇ! ಮರುಮಾತಾಡದೆ ಬಂದು ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಎಷ್ಟು ಕಾಲ ಹಿಡಿಯಿತೆಂದು ಕೇಳಿದ್ದಕ್ಕೆ, "ಮೂರು ವರ್ಷದ ಭಾನುವಾರಗಳು" ಎಂದರಂತೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಹತ್ತನೇ ತರಗತಿಯ ಒಬ್ಬ ಹುಡುಗಿ. ಅವಳ ಲೆಕ್ಕದ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದದ್ದರಿಂದ ಇಡೀ ಪುಟಕ್ಕೆ ಕೆಂಪು ಗೀಟು ಎಳೆದಿದ್ದೆ. "ಎಲ್ಲಿ ತಪ್ಪಾಗಿದೆ ಮಿಸ್?" ಎಂದಳು. "ಉತ್ತರವೇ ಬಂದಿಲ್ಲ, ಕೂತ್ಕೋ" ಎಂದೆ. ಭಾನುವಾರ ಯಾಕೋ ಮನಸ್ಸು ತಡೆಯದೆ ಮತ್ತೆ ನೋಡಿದೆ. ಅವಳ ದಾರಿ ನಾನು ಕಲಿಸಿದ್ದಕ್ಕಿಂತ ಚೆನ್ನಾಗಿತ್ತು. ಹನ್ನೊಂದು ಸಾಲು ಸರಿ. ಹನ್ನೆರಡನೆಯದರಲ್ಲಿ ಒಂದು ಋಣ ಚಿಹ್ನೆ ಬಿಟ್ಟುಹೋಗಿತ್ತು, ಅಷ್ಟೆ. ಸೋಮವಾರ ಕರೆದು ತೋರಿಸಿದೆ. ತಲೆಯಾಡಿಸಿದಳು. ಆದರೆ ಆ ವರ್ಷ ಮತ್ತೆ ಕೈಯೆತ್ತಿ ಏನನ್ನೂ ಕೇಳಲಿಲ್ಲ.

ಲ್ಯುಕಾ ಬಿರುಕಿನ ಜಾಗ ತೋರಿಸದಿದ್ದರೂ ಬಿರುಕಿದೆ ಎನ್ನಲು ಪುರಾವೆ ಕೊಟ್ಟಿದ್ದರು. ನಾನು ಗಡಿಗೆಯನ್ನು ತಟ್ಟಿಯೂ ನೋಡದೆ ಒಡೆದಿದ್ದೆ.

ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? "ಆ ಸೊಸೆ ಸರಿಯಿಲ್ಲ" ಎನ್ನಲು ಅರೆಗಳಿಗೆ ಸಾಕು. ಎಲ್ಲಿ ಸರಿಯಿಲ್ಲ ಎಂದು ಕೂತು ಹುಡುಕಲು ಎಷ್ಟು ಭಾನುವಾರ ಬೇಕೋ! ಹುಡುಕಿದರೆ ಹನ್ನೊಂದು ಸಾಲು ಸರಿಯಿದ್ದೀತೆಂಬ ಭಯವೂ ಇರಬಹುದು. ಈಗ ಕೆಂಪು ಪೆನ್ನು ಹಿಡಿದಾಗ ಪುಟಕ್ಕೆ ಗೀಟು ಎಳೆಯುವುದಿಲ್ಲ. ತಪ್ಪಿದ ಜಾಗಕ್ಕೆ ಒಂದು ಸಣ್ಣ ಸುತ್ತು ಹಾಕುತ್ತೇನೆ. ಆ ಹುಡುಗಿಗೆ ಮಾತ್ರ ಇದು ತಡವಾಯಿತು.