ರನ್‌ವೇ ಕೆಳಗಿನ ನೆಲ

ವಿಮಾನ ನಿಲ್ದಾಣಗಳೆಲ್ಲ ಒಂದೇ ಥರ ಎನ್ನುವುದು ಪದೇ ಪದೇ ಹಾರುವವರ ಬಾಯಲ್ಲಿ ಸವೆದುಹೋದ ಮಾತು. ಅದೇ ಗಾಜಿನ ಗೋಡೆ, ಅದೇ ಉಕ್ಕಿನ ಚಾವಣಿ, ಸೆಕ್ಯುರಿಟಿ ಸಾಲಿನಲ್ಲಿ ಬೆಲ್ಟು ಬಿಚ್ಚಿ ಪ್ಯಾಂಟು ಹಿಡಿದುಕೊಂಡು ನಿಂತ ಅದೇ ಗಂಡಸರು, ಅಲ್ಲಿಂದ ದಾಟಿದ ಕೂಡಲೇ ಮೂಗಿಗೆ ಬಡಿಯುವ ಅದೇ ಸೆಂಟಿನ ಅಂಗಡಿ, ಬಿಲ್ಲು ನೋಡಿದ ಮೇಲೆ ಇನ್ನಷ್ಟು ಕಹಿಯಾಗುವ ಅದೇ ಕಾಫಿ. ಬೋರ್ಡುಗಳ ಭಾಷೆಯನ್ನು ಮುಚ್ಚಿಬಿಟ್ಟರೆ ಯಾವ ದೇಶದಲ್ಲಿದ್ದೇವೆಂದು ಹೇಳುವುದು ಕಷ್ಟ. ಕೆಲಸದ ನೆಪದಲ್ಲಿ ವರ್ಷವಿಡೀ ತಿರುಗುವ ನನ್ನಂಥವರಿಗೆ ಊರುಗಳು ಗೇಟ್ ನಂಬರುಗಳಾಗಿ ಉಳಿದುಬಿಡುತ್ತವೆ. ಬೆರಗೇನಾದರೂ ಇದ್ದರೆ ಅದು ಮೋಡದ ಮೇಲೆ, ಕಿಟಕಿಯಾಚೆ. ನೆಲದ ಮೇಲಿನದ್ದೆಲ್ಲ ಬರೀ ಕಾಯುವ ಹೊತ್ತು.

ವರ್ಷಗಳು ಕಳೆದಂತೆ ನನ್ನ ಮಟ್ಟಿಗೆ ಈ ಲೆಕ್ಕ ತಿರುಗುಮುರುಗಾಯಿತು. ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಬೆಂಗಳೂರಿನ ಆಕಾಶವೂ ಬರ್ಲಿನ್ನಿನ ಆಕಾಶವೂ ಒಂದೇ. ಬೇರೆ ಬೇರೆಯಾಗಿರುವುದು ನೆಲ. ಅದನ್ನು ಸಮ ಮಾಡಿ, ಟಾರು ಹೊದಿಸಿ, ಗೆರೆ ಎಳೆದು, ಎಲ್ಲಿಂದಲೋ ಬಂದ ಚಕ್ರ ಯಾವ ಅನುಮಾನವೂ ಇಲ್ಲದೆ ಮುಟ್ಟುವಂತೆ ಮಾಡುವುದರ ಹಿಂದೆ ಎಷ್ಟು ಕಥೆಯಿದೆಯೆಂದು ತಿಳಿಯುತ್ತ ಹೋದ ಹಾಗೆ, ಕೂತ ಕುರ್ಚಿಯ ಕೆಳಗೇ ಬೆರಗು ಕಾಣಿಸತೊಡಗಿತು.

ಬೆಂಗಳೂರಿನಿಂದಲೇ ಶುರು ಮಾಡಬಹುದು. ದೇವನಹಳ್ಳಿಯಲ್ಲಿ ರನ್‌ವೇಯ ಒಂದು ತುದಿಗೆ 09, ಇನ್ನೊಂದು ತುದಿಗೆ 27 ಎಂದು ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆದಿದೆ. ಆ ಅಂಕಿಗಳು ಹೇಳುವುದು ದಿಕ್ಕನ್ನು. ದಿಕ್ಸೂಚಿಯ ಉತ್ತರದಿಂದ ಎಣಿಸಿದರೆ ಪೂರ್ವಕ್ಕೆ 90 ಡಿಗ್ರಿ, ಪಶ್ಚಿಮಕ್ಕೆ 270. ಕೊನೆಯ ಸೊನ್ನೆ ಬಿಟ್ಟರೆ 09 ಮತ್ತು 27. ವಿಮಾನ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಆದ್ದರಿಂದ ಮುಂಗಾರಿನ ಪಡುಗಾಳಿ ಬೀಸುವ ತಿಂಗಳುಗಳಲ್ಲಿ ಇಲ್ಲಿನ ವಿಮಾನಗಳು ಸಾಮಾನ್ಯವಾಗಿ ಪಶ್ಚಿಮಕ್ಕೆ ಮುಖ ಮಾಡಿ ಏಳುತ್ತವೆ, ನಂದಿಬೆಟ್ಟ ಬಲಗಡೆಯ ಕಿಟಕಿಗೆ ಬೀಳುತ್ತದೆ. ಹಿಂಗಾರಿನಲ್ಲಿ ಗಾಳಿ ಮೂಡಣದಿಂದ ತಿರುಗಿದಾಗ ಅದೇ ಬೆಟ್ಟ ಎಡಗಡೆಗೆ. ಸುತ್ತಲಿನ ಹೊಲದವನು ರಾಗಿ ಬಿತ್ತುವ ಮುಂಚೆ ನೋಡುವ ಗಾಳಿಯನ್ನೇ ಪೈಲಟ್ ಕೂಡ ನೋಡುತ್ತಾನೆ.

ಆದರೆ ದಿಕ್ಸೂಚಿ ತೋರುವ ಉತ್ತರ ಒಂದೇ ಕಡೆ ನಿಲ್ಲುವುದಿಲ್ಲ. ನಮ್ಮ ಪಾದದಿಂದ ಸುಮಾರು 2,900 ಕಿ.ಮೀ. ಆಳದಲ್ಲಿ ಶುರುವಾಗುವ ಕರಗಿದ ಕಬ್ಬಿಣದ ಕಡಲು ಹೊರಳುತ್ತಲೇ ಇರುತ್ತದೆ. ಅದರ ಹೊರಳಾಟಕ್ಕೆ ಕಾಂತಧ್ರುವ ಜರುಗುತ್ತದೆ. ಲಂಡನ್ ಬಳಿಯ ಸ್ಟ್ಯಾನ್‌ಸ್ಟೆಡ್‌ನಲ್ಲಿ 05 ಮತ್ತು 23 ಎಂದಿದ್ದ ಅಂಕಿಗಳನ್ನು 2009ರಲ್ಲಿ ಅಳಿಸಿ 04 ಮತ್ತು 22 ಎಂದು ಬರೆದರು. ರನ್‌ವೇ ಇದ್ದಲ್ಲೇ ಇತ್ತು, ಭೂಮಿಯ ಒಡಲು ಮಗ್ಗುಲು ಬದಲಿಸಿತ್ತು. ಯಾರೂ ನೋಡಿರದ, ಯಾರೂ ಮುಟ್ಟಲಾಗದ ಆಳವೊಂದು ಮೇಲೆ ಬಣ್ಣ ಬಳಿಯುವವನಿಗೆ ಕೆಲಸ ಹೇಳುತ್ತದೆ. ಕಿಟಕಿಯಿಂದ ಆ ಅಂಕಿಗಳು ಕಂಡಾಗಲೆಲ್ಲ ಈಗ ನನಗೆ ಆ ಕಬ್ಬಿಣ ನೆನಪಾಗುತ್ತದೆ.

ಬೆರಗು ಹುಟ್ಟಿಸಲೆಂದೇ ಕಟ್ಟಿದ ನಿಲ್ದಾಣಗಳೂ ಇವೆ. ಸಿಂಗಪುರದ ಚಾಂಗಿಯಲ್ಲಿ 2019ರಲ್ಲಿ ತೆರೆದ ಜ್ಯುವೆಲ್‌ನ ಗಾಜಿನ ಗುಮ್ಮಟದಿಂದ 40 ಮೀಟರ್ ಎತ್ತರದ ಜಲಪಾತ ಧುಮುಕುತ್ತದೆ. ಬೆಂಗಳೂರಿನ ಎರಡನೇ ಟರ್ಮಿನಲ್ಲಿನಲ್ಲಿ ಬಿದಿರು ಹೊದಿಸಿದ ಚಾವಣಿಯಿಂದ ಗಿಡಬಳ್ಳಿಗಳು ಇಳಿಬಿದ್ದಿವೆ. ಚೆಂದವೇ. ಜನ ನಿಲ್ಲುತ್ತಾರೆ, ಫೋನು ಎತ್ತುತ್ತಾರೆ, ಮುಂದೆ ಹೋಗುತ್ತಾರೆ. ನೋಡಿದೊಡನೆ ಮುಗಿಯುವ ಚೆಂದ ಅದು. ನನ್ನನ್ನು ಹಿಡಿದು ನಿಲ್ಲಿಸುವುದು ಕಣ್ಣಿಗೆ ಬೀಳದ್ದು.

ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ನೋಡಿ. ಅಲ್ಲಿ ವಿಮಾನ ಇಳಿದಾಗ ಪ್ರಯಾಣಿಕರು ಸಮುದ್ರಮಟ್ಟಕ್ಕಿಂತ ಸುಮಾರು 3 ಮೀಟರ್ ಕೆಳಗಿರುತ್ತಾರೆ. ಅದು ಒಂದು ಕಾಲಕ್ಕೆ ಹಾರ್ಲೆಮರ್‌ಮೇರ್ ಎಂಬ ವಿಶಾಲ ಸರೋವರ. 1573ರಲ್ಲಿ ಸ್ಪೇನಿನ ಪಕ್ಷದ ಮತ್ತು ಡಚ್ ಬಂಡಾಯಗಾರರ ಹಡಗುಗಳು ಆ ನೀರಿನ ಮೇಲೆ ಕಾದಾಡಿದ್ದವು. ಗಾಳಿ ಜೋರಾದಾಗ ದಡ ಕೊರೆದು ಊರುಗಳತ್ತ ನುಗ್ಗುತ್ತಿದ್ದ ಆ ನೀರನ್ನು ಡಚ್ಚರು ಉಗಿಯಂತ್ರಗಳಿಂದ ಹಗಲಿರುಳು ಎತ್ತಿ ಹೊರಹಾಕಿ, 1852ರ ಹೊತ್ತಿಗೆ ಸರೋವರದ ತಳವನ್ನು ಬಯಲಾಗಿಸಿದರು. ಇಂದಿಗೂ ಪಂಪುಗಳು ನಿಂತರೆ ನೀರು ತನ್ನ ಜಾಗಕ್ಕೆ ಮರಳುತ್ತದೆ. ಅಲ್ಲಿ ಚೀಸ್ ಕೊಳ್ಳಲು ಸಾಲು ನಿಂತವರಾರೂ ತಲೆಯ ಮೇಲೆ ಅಲೆಗಳಿರಬೇಕಾಗಿತ್ತೆಂದು ಯೋಚಿಸುವುದಿಲ್ಲ. ಯೋಚಿಸದೆ ಇರಲು ಸಾಧ್ಯವಾಗಿಸಿದ್ದೇ ಆ ಪಂಪುಗಳ ಸಾಧನೆ.

ಒಸಾಕಾ ಕೊಲ್ಲಿಯ ಕನ್ಸಾಯ್‌ನಲ್ಲಿ ಇದು ಉಲ್ಟಾ. ಡಚ್ಚರು ನೀರು ತೆಗೆದು ನೆಲ ಪಡೆದರೆ, ಜಪಾನಿನವರು ಗುಡ್ಡಗಳನ್ನು ಅಗೆದು ತಂದು ಕಡಲಿಗೆ ಸುರಿದು ದ್ವೀಪವನ್ನೇ ಮಾಡಿದರು. ನಿಲ್ದಾಣ ತೆರೆದದ್ದು 1994ರಲ್ಲಿ. ಕಡಲ ತಳದ ಮೆತ್ತನೆಯ ಜೇಡಿ ಆ ಭಾರಕ್ಕೆ ಹಿಂಡಿಹೋಗಿ ದ್ವೀಪ ಮೊದಲಿನಿಂದಲೂ ಇಳಿಯುತ್ತಿದೆ, ಒಟ್ಟು ಹತ್ತು ಮೀಟರಿಗೂ ಹೆಚ್ಚು. ಇಳಿಯುತ್ತದೆಂದು ಕಟ್ಟುವಾಗಲೇ ಗೊತ್ತಿತ್ತು. ಎಲ್ಲ ಕಡೆ ಒಂದೇ ಸಮ ಇಳಿಯುವುದಿಲ್ಲವೆಂಬುದೂ ಗೊತ್ತಿತ್ತು. ಹಾಗಾಗಿ ಟರ್ಮಿನಲ್ಲಿನ ನೂರಾರು ಕಂಬಗಳ ಬುಡದಲ್ಲಿ ಜ್ಯಾಕ್ ಕೊಟ್ಟು ಎತ್ತುವ ಏರ್ಪಾಡು ಮಾಡಿದ್ದಾರೆ. ಅಲುಗಾಡುವ ಮಂಚದ ಕಾಲಿಗೆ ಮನೆಯಲ್ಲಿ ಚಕ್ಕೆ ಕೊಡುವ ಹಾಗೆ, ಇಳಿದಷ್ಟು ಕಬ್ಬಿಣದ ತಗಡು ತುಂಬುತ್ತಾರೆ. 2018ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಕಡಲು ರನ್‌ವೇಗೆ ನುಗ್ಗಿತು, ಹಡಗೊಂದು ಸೇತುವೆಗೆ ಬಡಿಯಿತು, ಸಾವಿರಾರು ಜನ ರಾತ್ರಿಯೆಲ್ಲ ಅಲ್ಲೇ ಸಿಕ್ಕಿಬಿದ್ದರು. ಮುಳುಗುವುದನ್ನು ತಿಳಿದೂ ಕಟ್ಟುವುದು, ಕಟ್ಟಿದ್ದನ್ನು ದಿನವೂ ಎತ್ತಿ ಹಿಡಿಯುವುದು! ಹಟವೆನ್ನಬೇಕೋ ವಿನಯವೆನ್ನಬೇಕೋ ನನಗಿನ್ನೂ ಬಗೆಹರಿದಿಲ್ಲ.

ಸ್ಕಾಟ್ಲೆಂಡಿನ ಪುಟ್ಟ ದ್ವೀಪ ಬಾರಾದಲ್ಲಿ ಇಂಥ ಹಟ ಏನೂ ಇಲ್ಲ. ಅಲ್ಲಿ ಕಡಲ ದಂಡೆಯ ಮರಳೇ ರನ್‌ವೇ. ಉಬ್ಬರ ಬಂದಾಗ ಮೂರೂ ರನ್‌ವೇಗಳು ನೀರಿನಡಿ ಹೋಗುತ್ತವೆ, ಇಳಿತದಲ್ಲಿ ಮತ್ತೆ ಮೇಲೆ ಬರುತ್ತವೆ. ವಿಮಾನದ ವೇಳಾಪಟ್ಟಿ ನಡೆಯುವುದು ಉಬ್ಬರ ಇಳಿತದ ಪಂಚಾಂಗದ ಪ್ರಕಾರ, ಅಂದರೆ ಚಂದ್ರ ಹೇಳಿದ ಹಾಗೆ. ಗಾಳಿಚೀಲ ಹಾರುತ್ತಿದ್ದರೆ ವಿಮಾನ ಬರುವುದಿದೆಯೆಂದು ಅರ್ಥ. ಉಳಿದ ಹೊತ್ತಿನಲ್ಲಿ ಅದೇ ಮರಳಿನಲ್ಲಿ ಜನ ಚಿಪ್ಪುಮೀನು ಹೆಕ್ಕುತ್ತಾರೆ.

ನಿಲ್ದಾಣವೊಂದು ತಗ್ಗಿ ನಡೆಯುವುದಕ್ಕೆ ಇನ್ನೂ ಹತ್ತಿರದ ಉದಾಹರಣೆ ತಿರುವನಂತಪುರ. ವರ್ಷಕ್ಕೆರಡು ಬಾರಿ, ಪೈಂಗುನಿ ಮತ್ತು ಅಲ್ಪಶಿ ಉತ್ಸವಗಳ ಕೊನೆಯಲ್ಲಿ, ಪದ್ಮನಾಭಸ್ವಾಮಿ ಶಂಖುಮುಖಂ ಕಡಲಿಗೆ ಆರಾಟ್ಟು ಸ್ನಾನಕ್ಕೆ ಹೋಗುತ್ತಾನೆ. ಅವನ ದಾರಿ ರನ್‌ವೇ ಮೇಲೇ ಹಾಯುತ್ತದೆ. ನಿಲ್ದಾಣ ಶುರುವಾದದ್ದು 1932ರಲ್ಲಿ. ದೇವರ ದಾರಿ ಅದಕ್ಕಿಂತ ಎಷ್ಟೋ ಹಳೆಯದು. ಹಾಗಾಗಿ ವಿಮಾನಯಾನ ಸಂಸ್ಥೆಗಳಿಗೆ ಮೊದಲೇ ಸೂಚನೆ ಹೋಗುತ್ತದೆ, ಆ ಸಂಜೆ ಕೆಲವು ಗಂಟೆ ಹಾರಾಟ ನಿಲ್ಲುತ್ತದೆ. ತಿರುವಾಂಕೂರು ರಾಜಮನೆತನದ ಹಿರಿಯರು ಖಡ್ಗ ಹಿಡಿದು ಜೊತೆಗೆ ನಡೆಯುತ್ತಾರೆ. ಉತ್ಸವಮೂರ್ತಿ ಹೋಗಿ ಮಿಂದು ಮರಳಿದ ಮೇಲೆ ರನ್‌ವೇಯನ್ನು ಪರೀಕ್ಷಿಸಿ ಮತ್ತೆ ವಿಮಾನಗಳಿಗೆ ಬಿಟ್ಟುಕೊಡುತ್ತಾರೆ. ಭಕ್ತಿಯೂ ಸುರಕ್ಷತಾ ನಿಯಮವೂ ಜಗಳವಿಲ್ಲದೆ ಒಂದೇ ಟಾರಿನ ಮೇಲೆ ಸರದಿ ಕಾಯುತ್ತವೆ.

ಎಲ್ಲ ಕಡೆಯೂ ಇಷ್ಟು ಸುಸೂತ್ರವಾಗಿ ನಡೆದಿಲ್ಲ. ಟೋಕಿಯೊ ಬಳಿ ನರಿತಾದಲ್ಲಿ ನಿಲ್ದಾಣ ಕಟ್ಟುವುದೆಂದು ಜಪಾನ್ ಸರ್ಕಾರ 1966ರಲ್ಲಿ ರೈತರನ್ನು ಕೇಳದೆಯೇ ತೀರ್ಮಾನಿಸಿತು. ಸಂರಿಜುಕಾದ ರೈತರು ಎದ್ದು ನಿಂತರು, ವಿದ್ಯಾರ್ಥಿಗಳು ಕೈಜೋಡಿಸಿದರು, ಎರಡೂ ಕಡೆ ಜೀವ ಹೋದವು. ಇನ್ನೇನು ತೆರೆಯಬೇಕು ಎನ್ನುವಾಗ ಹೋರಾಟಗಾರರು ನಿಯಂತ್ರಣ ಗೋಪುರಕ್ಕೇ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಉದ್ಘಾಟನೆ ತಡವಾಗಿ 1978ರ ಮೇ ತಿಂಗಳಲ್ಲಾಯಿತು. ಆಮೇಲೂ ದಶಕಗಳ ಕಾಲ ವಿಮಾನಗಳು ಓಡಾಡುವ ದಾರಿಗಳ ನಡುವೆಯೇ ಬಿಟ್ಟುಕೊಡದವರ ಹೊಲಗಳಿದ್ದವು, ತರಕಾರಿ ಬೆಳೆಯುತ್ತಿತ್ತು. ನರಿತಾದಲ್ಲಿ ಇಳಿದಾಗ ನನಗೆ ದೇವನಹಳ್ಳಿ ನೆನಪಾಗದೆ ಇರದು. ಚಕ್ಕೋತ ಮತ್ತು ದ್ರಾಕ್ಷಿಗೆ ಹೆಸರಾದ ಸೀಮೆಯಲ್ಲಿ ಸಾವಿರಾರು ಎಕರೆ ಟಾರಿನಡಿ ಹೋಯಿತು. ನಾವು ಕಾಫಿ ಹೀರುತ್ತ ಕೂತ ಜಾಗಕ್ಕೆ ಸರ್ವೆ ನಂಬರಿತ್ತು, ಅದಕ್ಕೆ ಮುಂಚೆ ಯಾರದೋ ಹೊಲದ ಹೆಸರಿತ್ತು. ಈ ಸಂಕಟವನ್ನು ಹೊರಗಿಟ್ಟು ಪಡುವ ಬೆರಗು ಅರ್ಧದ್ದು.

ಇದನ್ನೆಲ್ಲ ನಾನು ಪುಸ್ತಕ, ಪತ್ರಿಕೆ ಓದಿ ಕೂಡಿಸಿಕೊಂಡೆ. ಒಬ್ಬ ತಾಯಿ ಯಾವ ಓದೂ ಇಲ್ಲದೆ ನೇರವಾಗಿ ಅಲ್ಲಿಗೇ ಬಂದರು. ದೋಹಾದಲ್ಲಿ ಮುಂದಿನ ವಿಮಾನಕ್ಕೆ ಕಾಯುತ್ತಿದ್ದಾಗ ಪಕ್ಕದ ವೀಲ್‌ಚೇರಿನಲ್ಲಿ ಕೂತಿದ್ದವರು ಅವರು. ಮಂಡ್ಯದ ಕಡೆಯವರು, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರು, ಮಡಿಲಲ್ಲಿ ಪಾಸ್‌ಪೋರ್ಟಿನ ಚೀಲ. ನನ್ನ ಫೋನಿನ ಕನ್ನಡ ಕೇಳಿ ತಿರುಗಿದರು.

“ಇದ್ಯಾವೂರಪ್ಪಾ?”

“ದೋಹಾ ಅಂತ, ಅಮ್ಮ. ಕತಾರ್ ದೇಶ.”

“ಮಳೆ-ಬೆಳೆ ಹೆಂಗೆ ಇಲ್ಲಿ?”

ಮಳೆ ಇಲ್ಲವೆನ್ನುವಷ್ಟು ಕಮ್ಮಿ, ಸಮುದ್ರದ ನೀರನ್ನೇ ಉಪ್ಪು ತೆಗೆದು ಕುಡಿಯುತ್ತಾರೆ ಎಂದೆ. ಈ ನಿಲ್ದಾಣದ ಅರ್ಧಕ್ಕಿಂತ ಹೆಚ್ಚು ಜಾಗ ಕಡಲನ್ನು ತುಂಬಿ ಮಾಡಿದ್ದು ಎಂದೂ ಹೇಳಿದೆ.

“ಅಯ್ಯೋ, ಸಮುದ್ರನೇ ಕುಡಿದು ಸಮುದ್ರದ ಮೇಲೇ ಕೂತವ್ರೆ ಅನ್ನು. ಗಟ್ಟಿಗರು ಬುಡು,” ಎಂದರು. ಆ ಮಾತಿನಲ್ಲಿ ಮೆಚ್ಚುಗೆಯೂ ಇತ್ತು, ನೀರಿನ ಕಷ್ಟ ಬಲ್ಲವರ ಮರುಕವೂ ಇತ್ತು.

ಸುತ್ತ ಕೂತವರೆಲ್ಲ ಗೇಟ್ ಯಾವುದು, ವೈಫೈ ಹೇಗೆ ಎಂದು ವಿಚಾರಿಸುತ್ತಿದ್ದರು. ಅಲ್ಲಿ ಒಂದು ಊರಿದೆ, ಅದಕ್ಕೆ ಆಕಾಶವಿದೆ, ಅಲ್ಲಿನವರೂ ಏನನ್ನೋ ಉಂಡು ಕುಡಿದು ಬದುಕಬೇಕು ಎಂದು ಹೊಳೆದದ್ದು ಮೊದಲ ಸಲ ವಿಮಾನ ಹತ್ತಿದ ಆ ತಾಯಿಗೆ. ಹೊಸತನದಿಂದ ಹುಟ್ಟುವ ಬೆರಗು ಎರಡನೇ ಪ್ರಯಾಣಕ್ಕೇ ಸವೆಯುತ್ತದೆ, ಅದು ಸಹಜ. ವಿಚಾರಿಸುವುದರಿಂದ ಹುಟ್ಟುವ ಬೆರಗಿಗೆ ಆ ಭಯವಿಲ್ಲ; ಪ್ರತಿ ನೆಲಕ್ಕೂ ಅದರದೇ ಉತ್ತರವಿರುತ್ತದೆ. ಕಾಯಬೇಕಾದ ಮೂರು ಗಂಟೆಯಲ್ಲಿ ಇಲ್ಲಿ ಮಳೆ ಎಷ್ಟು, ನೀರು ಎಲ್ಲಿಂದ, ನಾನು ಕಾಲಿಟ್ಟ ಜಾಗ ಮೊದಲು ಏನಾಗಿತ್ತು, ಯಾರದಾಗಿತ್ತು ಎಂದು ತಿಳಿದುಕೊಳ್ಳಲು ಹತ್ತು ನಿಮಿಷ ಸಾಕು. ಹಾದುಹೋಗುವವನು ಊರಿಗೆ ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ ಅದು.