ನಾಲ್ಕು ಜನ ಏನಂದಾರು?

ರುವಾಂಡಾದ ಗುಡ್ಡಗಾಡಿನ ಕೆಲವು ಊರುಗಳಲ್ಲಿ ಜನ ಒಂದು ವರ್ಷ ಒಟ್ಟಿಗೆ ಕೂತು ಕ್ಯಾಸೆಟ್ಟಿನಲ್ಲಿ ರೇಡಿಯೊ ಧಾರಾವಾಹಿ ಕೇಳಿದರು. ಅದೊಂದು ಸಂಶೋಧನೆಯ ಭಾಗ. ಕೊನೆಯ ದಿನ ಪ್ರತಿ ಊರಿಗೂ ಒಂದು ಟೇಪ್ ರೆಕಾರ್ಡರ್, ಕ್ಯಾಸೆಟ್ಟುಗಳು ಮತ್ತು ಬ್ಯಾಟರಿ ಕಾಣಿಕೆಯಾಗಿ ಬಂದವು. ಇಡೀ ಊರಿಗೆ ಇರುವುದು ಒಂದೇ. ಯಾರ ಮನೆಯಲ್ಲಿಡುವುದು? ಬ್ಯಾಟರಿ ಮುಗಿದರೆ ದುಡ್ಡು ಹಾಕುವವರು ಯಾರು? ಊರಿನ ಅಧಿಕಾರಿಗೆ ಒಪ್ಪಿಸಿಬಿಡೋಣ ಎಂದು ಒಬ್ಬರು ಹೇಳುತ್ತಿದ್ದರು. ಹಿರಿಯರ ಮಾತಿಗೆ ಎದುರಾಡದ ಆ ಸಮಾಜದಲ್ಲಿ ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮತ್ತೊಬ್ಬರು ಬೇಡ ಎಂದರು. ಇನ್ನೊಬ್ಬರು ದನಿಗೂಡಿಸಿದರು. ಚರ್ಚೆ ಬೆಳೆದು, ಎಲ್ಲರೂ ಸೇರಿ ನೋಡಿಕೊಳ್ಳೋಣ ಎಂಬಲ್ಲಿಗೆ ಬಂದು ನಿಂತಿತು. ಇದೇ ಪ್ರಯೋಗದಲ್ಲಿ ಬೇರೆ ಊರುಗಳವರಿಗೆ ಆರೋಗ್ಯದ ಬಗೆಗಿನ ಧಾರಾವಾಹಿಯನ್ನು ಕೇಳಿಸಲಾಗಿತ್ತು. ಅಲ್ಲಿ ಟೇಪ್ ರೆಕಾರ್ಡರ್ ಬಹುಪಾಲು ಚರ್ಚೆಯಿಲ್ಲದೆ ಅಧಿಕಾರಿಯ ಕೈ ಸೇರಿತು.

ಮೊದಲ ಊರುಗಳವರು ಕೇಳಿದ ಧಾರಾವಾಹಿಯ ಹೆಸರು ‘ಮುಸೆಕೆವೆಯಾ’. ಹೊಸ ಬೆಳಗು ಎಂದು ಅರ್ಥ. 2004ರಲ್ಲಿ ಶುರುವಾದ ಇದರಲ್ಲಿ ಬುಮಾಂಜಿ, ಮುಹುಮುರೊ ಎಂಬ ಎರಡು ಕಾಲ್ಪನಿಕ ಊರುಗಳ ನಡುವೆ ಹಗೆ. ಹುಟು, ಟುಟ್ಸಿ ಎಂಬ ಹೆಸರುಗಳನ್ನು ಬಹಿರಂಗವಾಗಿ ಎತ್ತುವಂತಿರಲಿಲ್ಲ, ಹಾಗಾಗಿ ಎರಡು ಊರುಗಳೇ ಆ ಎರಡು ಸಮುದಾಯಗಳ ಜಾಗದಲ್ಲಿ ನಿಂತವು. ಒಂದೂರಿನ ಹುಡುಗಿಗೂ ಇನ್ನೊಂದೂರಿನ ಹುಡುಗನಿಗೂ ಪ್ರೀತಿಯಾಗುತ್ತದೆ. ಇಬ್ಬರೂ ಸೇರಿ ಎರಡೂ ಕಡೆಯ ಯುವಕರ ಶಾಂತಿಕೂಟ ಕಟ್ಟುತ್ತಾರೆ. ಹತ್ತು ವರ್ಷ ಹಿಂದೆ, 1994ರಲ್ಲಿ, ಅದೇ ನೆಲದಲ್ಲಿ ನೂರು ದಿನಗಳೊಳಗೆ ಸುಮಾರು 8 ಲಕ್ಷ ಜನರ ಕೊಲೆಯಾಗಿತ್ತು. ಆಗಲೂ ಊರೂರಲ್ಲಿ ರೇಡಿಯೊ ಇತ್ತು. ಆರ್‌ಟಿಎಲ್‌ಎಂ ಎಂಬ ಕೇಂದ್ರ ಹಾಡು, ಹರಟೆಗಳಿಂದ ಹುಡುಗರನ್ನು ಸೆಳೆದುಕೊಂಡು, ಟುಟ್ಸಿಗಳನ್ನು ಜಿರಳೆಗಳೆಂದು ಕರೆದು, ಕೊಲೆಗೆ ಹುರಿದುಂಬಿಸಿತ್ತು.

ವಿಷ ಹರಡಿದ್ದು ರೇಡಿಯೊ, ಮದ್ದನ್ನೂ ಅದೇ ಹರಡಲಿ ಎಂಬ ತರ್ಕ ಸರಳವಾಗಿದೆ. ನಡೆದದ್ದು ಅಷ್ಟು ಸರಳವಿಲ್ಲ. ಸ್ಕಾಟ್ ಸ್ಟ್ರಾಸ್ ಎಂಬ ವಿದ್ವಾಂಸ ರುವಾಂಡಾದ ಜೈಲುಗಳಲ್ಲಿ ಇನ್ನೂರಕ್ಕೂ ಹೆಚ್ಚು ಅಪರಾಧಿಗಳನ್ನು ಮಾತಾಡಿಸಿದರು. ರೇಡಿಯೊ ಕೇಳಿ ಕತ್ತಿ ಹಿಡಿದೆ ಎಂದವರು ಕಡಿಮೆ. ಮನೆಬಾಗಿಲಿಗೆ ಬಂದ ಗುಂಪು, ಜೊತೆಗಾರರ ಒತ್ತಾಯ, ಹೋಗದಿದ್ದರೆ ತನ್ನ ಗತಿಯೇನು ಎಂಬ ಭಯ, ಯುದ್ಧದ ದಿಗಿಲು, ಇವೇ ಹೆಚ್ಚಿನವರ ಮಾತಿನಲ್ಲಿದ್ದವು. ಕನ್ನಡದಲ್ಲಿ ಹೇಳುವುದಾದರೆ, ಅವರನ್ನು ಎಳೆದೊಯ್ದದ್ದು ‘ನಾಲ್ಕು ಜನ’.

‘ಮುಸೆಕೆವೆಯಾ’ ಕುರಿತು ಎಲಿಜಬೆತ್ ಲೆವಿ ಪಲುಕ್ ನಡೆಸಿದ ಆ ಸಂಶೋಧನೆ 2009ರಲ್ಲಿ ಪ್ರಕಟವಾಯಿತು. ಅದರ ಫಲಿತಾಂಶ ಪ್ರಚಾರಾಂದೋಲನ ನಡೆಸುವವರನ್ನೆಲ್ಲ ತಡೆದು ನಿಲ್ಲಿಸುವಂಥದು. ಹಿಂಸೆ ಹೇಗೆ ಹುಟ್ಟುತ್ತದೆ, ಹೇಗೆ ನಿಲ್ಲುತ್ತದೆ ಎಂದು ಧಾರಾವಾಹಿ ಕಲಿಸಲು ಹೊರಟಿದ್ದ ಪಾಠಗಳನ್ನು ಕೇಳುಗರು ಒಳಗೆ ನಂಬಿದರೇ ಎಂದು ನೋಡಿದರೆ, ಅವರ ನಂಬಿಕೆ ಹೆಚ್ಚೇನೂ ಅಲುಗಿರಲಿಲ್ಲ. ಬದಲಾದದ್ದು ‘ಇಲ್ಲಿ ಹೇಗಿರಬೇಕು’ ಎಂಬ ತಿಳಿವಳಿಕೆ: ಮಕ್ಕಳು ಬೇರೆ ಗುಂಪಿನವರನ್ನು ಮದುವೆಯಾಗಬಹುದು, ಒಪ್ಪಿಗೆಯಾಗದ್ದನ್ನು ಬಾಯಿಬಿಟ್ಟು ಹೇಳಬಹುದು. ಅದರೊಂದಿಗೆ ನಡವಳಿಕೆಯೂ ಬದಲಾಯಿತು.

ಮನಸ್ಸು ಬದಲಾಗದೆ ನಡತೆ ಬದಲಾದರೆ ಅದನ್ನು ಬದಲಾವಣೆ ಎನ್ನಬಹುದೇ?

ನಮ್ಮ ಪರಂಪರೆ ಥಟ್ಟನೆ ಇಲ್ಲ ಎನ್ನುತ್ತದೆ. ಅಣ್ಣನನ್ನು ಎತ್ತಿ ಹಿಡಿದ ತೋಳು ಅಲ್ಲೇ ತಡೆದು ವೈರಾಗ್ಯಕ್ಕೆ ತಿರುಗಿದ ಬಾಹುಬಲಿ, ಬುದ್ಧನೆದುರು ಕತ್ತಿ ಎಸೆದ ಅಂಗುಲಿಮಾಲ, ಇವರು ನಮ್ಮ ಆದರ್ಶಗಳು. ಹಿಂಸೆ ಹುಟ್ಟುವುದೂ ಸಾಯುವುದೂ ಒಬ್ಬನ ಎದೆಯೊಳಗೆ ಎಂಬುದು ಈ ಕತೆಗಳಿಂದ ನಾವು ತೆಗೆದುಕೊಂಡ ನೀತಿ. ಯುವಕರನ್ನು ಉದ್ದೇಶಿಸಿದ ಹೆಚ್ಚಿನ ಜಾಹೀರಾತುಗಳು ಇದೇ ನೀತಿಯ ಮೇಲೆ ನಿಂತಿವೆ: ಹುಡುಗನ ಕಣ್ಣಿಗೆ ಕಣ್ಣಿಟ್ಟು ‘ಹಿಂಸೆ ಬೇಡ’ ಎಂದರೆ ಅವನು ಕರಗುತ್ತಾನೆ. ಆದರೆ ಅಂಗುಲಿಮಾಲನ ಕತೆಯ ಕೊನೆಯ ಭಾಗವನ್ನು ನಾವು ಮರೆತಿದ್ದೇವೆ. ಭಿಕ್ಷುವಾದ ಮೇಲೆ ಅವನು ಊರೊಳಗೆ ಭಿಕ್ಷೆಗೆ ಹೋದಾಗ ಕಲ್ಲು, ದೊಣ್ಣೆಗಳ ಏಟು ಬೀಳುತ್ತದೆ. ರಕ್ತ ಸುರಿಯುತ್ತ ಬುದ್ಧನ ಬಳಿಗೆ ಮರಳುತ್ತಾನೆ. ಒಬ್ಬನ ಎದೆ ಬದಲಾಗಿತ್ತು, ಬೀದಿ ಬದಲಾಗಿರಲಿಲ್ಲ.

ಎದೆಗೇ ಗುರಿಯಿಟ್ಟ ಪ್ರಯತ್ನಗಳು ಹಲವು ಬಾರಿ ಸೋತಿವೆ. ಅಮೆರಿಕದ ನ್ಯೂಜೆರ್ಸಿಯ ರಾಹ್‌ವೇ ಜೈಲಿನಲ್ಲಿ ದಾರಿತಪ್ಪಿದ ಹುಡುಗರನ್ನು ಕೈದಿಗಳ ಮುಂದೆ ಕೂರಿಸಿ, ಬೈಸಿ, ಬೆದರಿಸಿ ತಿದ್ದುವ ಕಾರ್ಯಕ್ರಮವೊಂದು ನಡೆಯುತ್ತಿತ್ತು. ಅದರ ಕುರಿತ 1978ರ ‘ಸ್ಕೇರ್ಡ್ ಸ್ಟ್ರೇಟ್’ ಸಾಕ್ಷ್ಯಚಿತ್ರ ಆಸ್ಕರ್ ಗೆದ್ದಿತು. ಇಂಥ ಕಾರ್ಯಕ್ರಮಗಳು ಹಲವೆಡೆ ಹಬ್ಬಿದವು. ಮುಂದೆ ಸಂಶೋಧಕರು ಇವುಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಬೆದರಿಕೆಗೆ ಒಳಗಾದ ಹುಡುಗರು ಸುಮ್ಮನೆ ಬಿಟ್ಟ ಹುಡುಗರಿಗಿಂತ ಹೆಚ್ಚಾಗಿ ಅಪರಾಧಕ್ಕಿಳಿದಿದ್ದರು. ಅದೇ ದೇಶ 1998ರಿಂದ 2004ರವರೆಗೆ ಯುವಕರನ್ನು ಮಾದಕ ವಸ್ತುಗಳಿಂದ ದೂರವಿಡಲು ಸುಮಾರು 100 ಕೋಟಿ ಡಾಲರ್ ಸುರಿದು ಜಾಹೀರಾತು ನಡೆಸಿತು. ವಿಷಯ ಬೇರೆ, ಪಾಠ ಹತ್ತಿರದ್ದು. ಗಾಂಜಾ ಸೇವನೆ ತಗ್ಗಿದ ಕುರುಹು ಸಿಗಲಿಲ್ಲ. ಕೆಲವು ಹುಡುಗರಲ್ಲಿ ಒಲವು ಹೆಚ್ಚಿದ ಸೂಚನೆ ಸಿಕ್ಕಿತು. ಇಷ್ಟೊಂದು ಎಚ್ಚರಿಸುತ್ತಿದ್ದಾರೆಂದರೆ ಉಳಿದವರೆಲ್ಲ ಸೇದುತ್ತಿರಬೇಕು ಎಂದು ಹುಡುಗರು ಎಣಿಸಿರಬಹುದು ಎಂಬುದು ಸಂಶೋಧಕರ ಒಂದು ಊಹೆ.

ಈ ಊಹೆಯನ್ನು ನಮ್ಮ ಭಾಷಣಕಾರರು ಗಮನಿಸಬೇಕು. ‘ಇಂದಿನ ಹುಡುಗರೆಲ್ಲ ಲಾಂಗು ಹಿಡಿದು ರೀಲ್ಸ್ ಮಾಡುವವರೇ’ ಎಂದು ವೇದಿಕೆಯಿಂದ ಗುಡುಗಿದಾಗ, ಲಾಂಗು ಮುಟ್ಟದ ನೂರು ಹುಡುಗರ ಕಿವಿಗೆ ಬೀಳುವುದು ತಾವೊಬ್ಬರೇ ಹಿಂದುಳಿದಿದ್ದೇವೆ ಎಂಬ ಸುದ್ದಿ.

‘ನಾಲ್ಕು ಜನ ಏನಂದಾರು’ ಎಂಬ ಅಳುಕಿನಿಂದ ಒಳ್ಳೆಯವನಾದವನು ನಿಜಕ್ಕೂ ಒಳ್ಳೆಯವನೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಏಟು ತಿಂದ ಹೆಣ್ಣುಮಗಳು ಬಾಸುಂಡೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವುದೂ ಇದೇ ನಾಲ್ಕು ಜನರ ಭಯದಿಂದ. ಊರಿನ ಬಾಯಿ ಎಷ್ಟು ಹೆಂಗಸರ ಬಾಯಿ ಮುಚ್ಚಿಸಿದೆ ಎಂಬುದು ಎಲ್ಲ ಮನೆಗಳಿಗೂ ಗೊತ್ತು. ಆ ಶಕ್ತಿಯನ್ನು ಶಾಂತಿಯ ಹೆಸರಿನಲ್ಲಿ ಇನ್ನಷ್ಟು ಬೆಳೆಸುವುದು ಸರಿಯೇ? ಆರ್‌ಟಿಎಲ್‌ಎಂ ಮಾಡಿದ್ದೂ ಇದನ್ನೇ ಅಲ್ಲವೇ?

ವ್ಯತ್ಯಾಸವಿದೆ; ಅದನ್ನು ತೋರಿಸಿಕೊಡುವುದು ಟೇಪ್ ರೆಕಾರ್ಡರಿನ ಆ ಚರ್ಚೆಯೇ. ದ್ವೇಷದ ರೇಡಿಯೊಗೆ ಬೇಕಿದ್ದದ್ದು ಎಲ್ಲರೂ ಒಂದೇ ದನಿಯಲ್ಲಿ ಹೂಂಗುಟ್ಟುವುದು. ಮುಸೆಕೆವೆಯಾ ಕೇಳಿದವರು ಮಾಡಿದ್ದು ಬೇಡ ಎಂದದ್ದು. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ, ಹಿಂಸೆ ಬೇರುಬಿಡುವುದು ಅಲ್ಲಿಯೇ. ಸುತ್ತ ನಿಂತ ಹತ್ತು ಮಂದಿಗೂ ಒಳಗೊಳಗೇ ಇಷ್ಟವಿಲ್ಲ. ಪ್ರತಿಯೊಬ್ಬರೂ ಉಳಿದ ಒಂಬತ್ತು ಜನರ ಮೌನವನ್ನು ಒಪ್ಪಿಗೆಯೆಂದು ಓದುತ್ತಾರೆ. ಇಂಥಲ್ಲಿ ಪ್ರಚಾರಾಂದೋಲನ ಯಾರ ಎದೆಗೂ ಹೊಸ ನಂಬಿಕೆ ತುಂಬಬೇಕಿಲ್ಲ. ಅಲ್ಲಿ ಆಗಲೇ ಇರುವ ಅಸಮ್ಮತಿ ಪರಸ್ಪರ ಕಾಣುವಂತಾದರೆ ಹುಡುಗನೊಬ್ಬನಿಗೆ ‘ಸಾಕು ಬಿಡೋ’ ಎನ್ನುವ ಧೈರ್ಯ ಬಂದೀತು.

ಉಗಾಂಡಾದಲ್ಲಿ 2016ರಲ್ಲಿ ಹಳ್ಳಿಯ ವಿಡಿಯೊ ಮಂದಿರಗಳಲ್ಲಿ ಸಿನಿಮಾದ ಮಧ್ಯಂತರದಲ್ಲಿ ಹೆಂಗಸರ ಮೇಲಿನ ಹಿಂಸೆಯ ಕಿರುಚಿತ್ರಗಳನ್ನು ತೋರಿಸಿದರು. 112 ಹಳ್ಳಿಗಳ ಈ ಪ್ರಯೋಗದಲ್ಲೂ ಹಿಂಸೆಯ ಬಗ್ಗೆ ಜನರ ಅಭಿಪ್ರಾಯ ಹೆಚ್ಚು ಬದಲಾಗಲಿಲ್ಲ. ಆದರೆ ಕಂಡದ್ದನ್ನು ಹೇಳಿದರೆ ಊರು ತನ್ನನ್ನು ಆಡಿಕೊಳ್ಳುವುದಿಲ್ಲ ಎಂಬ ಭರವಸೆ ಹೆಂಗಸರಲ್ಲಿ ಹೆಚ್ಚಿತು; ಮುಂದಿನ ತಿಂಗಳುಗಳಲ್ಲಿ ಮನೆಯೊಳಗಿನ ಹಿಂಸೆಯೂ ತಗ್ಗಿತು. ನಾಲ್ಕು ಜನ ಇದ್ದಲ್ಲೇ ಇದ್ದರು, ಅವರು ಏನೆನ್ನುತ್ತಾರೆ ಎಂಬ ಲೆಕ್ಕ ತಿರುಗಿತ್ತು.

ಕರ್ನಾಟಕ ಇಂಥದೊಂದನ್ನು ಕಂಡಿದೆ. ‘ಬ್ರೇಕ್‌ಥ್ರೂ’ ಸಂಸ್ಥೆ 2008ರಲ್ಲಿ ಆರಂಭಿಸಿದ ‘ಬೆಲ್ ಬಜಾವೊ’ ಆಂದೋಲನದ ವಿಡಿಯೊ ವ್ಯಾನುಗಳು ಇಲ್ಲಿಯೂ ಸುತ್ತಿದವು. ಅದರ ಜಾಹೀರಾತುಗಳು ಹೊಡೆಯುವ ಗಂಡನಿಗೆ ಒಂದು ಮಾತೂ ಹೇಳುವುದಿಲ್ಲ. ಪಕ್ಕದ ಮನೆಯಿಂದ ಹೊಡೆತದ ಸದ್ದು ಕೇಳಿದ ನೆರೆಯವನು ಎದ್ದು ಹೋಗಿ ಬೆಲ್ ಒತ್ತಿ, ಸ್ವಲ್ಪ ಹಾಲು ಸಿಗುತ್ತದೆಯೇ ಎಂದು ಕೇಳುತ್ತಾನೆ. ಅವನಿಗೆ ಹಾಲು ಬೇಕಿಲ್ಲವೆಂಬುದು ಬಾಗಿಲ ಒಳಗಿನವನಿಗೂ ಗೊತ್ತಾಗುತ್ತದೆ.

ಬೀದಿಯ ಗುಂಪಿಗೆ ಇಂಥ ಬಾಗಿಲಿಲ್ಲ. 2018ರ ಜುಲೈ 10ರಂದು ವಾಟ್ಸ್‌ಆ್ಯಪ್ ಭಾರತದ ಪತ್ರಿಕೆಗಳಲ್ಲಿ ಸುಳ್ಳು ಸಂದೇಶಗಳನ್ನು ಗುರುತಿಸುವ ಬಗೆಯನ್ನು ಪುಟ ತುಂಬ ಪ್ರಕಟಿಸಿತು. ಮೂರು ದಿನಗಳ ಬಳಿಕ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಜಾಹೀರಾತೊಂದು ಮೂರು ದಿನದಲ್ಲಿ ಊರನ್ನು ತಿದ್ದಬೇಕೆಂದು ಯಾರೂ ಕೇಳಲಾರರು. ಆದರೆ ಅದು ಮಾತಾಡಿದ್ದು ಮನೆಯಲ್ಲಿ ಒಬ್ಬರೇ ಕೂತು ಪತ್ರಿಕೆ ಓದುವವರ ಜೊತೆ. ಮುರ್ಕಿಯ ರಸ್ತೆಯಲ್ಲಿ ಬೇಕಿದ್ದದ್ದು ಗುಂಪಿನೊಳಗಿಂದಲೇ ಬರುವ ‘ತಡೀರಿ’ ಎಂಬ ಕೂಗು, ಅದಕ್ಕೆ ಜೊತೆಯಾಗುವ ಇನ್ನೂ ಎರಡು ದನಿ.

ಒಬ್ಬರೇ ಕೇಳುವುದಕ್ಕೂ ಒಟ್ಟಿಗೆ ಕೇಳುವುದಕ್ಕೂ ಇರುವ ದೂರವನ್ನು ಮೆಕ್ಸಿಕೊದ ಒಹಾಕಾ ರಾಜ್ಯದ ಸಾನ್ ಬಾರ್ತೊಲೊಮೆ ಕಿಯಲಾನಾ ಎಂಬ ಊರಿನಲ್ಲಿ ಎರಿಕ್ ಆರಿಯಾಸ್ ಅಳೆದು ನೋಡಿದ್ದಾರೆ. ಹೆಂಗಸರ ಮೇಲಿನ ಹಿಂಸೆಯ ಕುರಿತ ಒಂದೇ ಧಾರಾವಾಹಿಯನ್ನು ಕೆಲವರು ಮನೆಯಲ್ಲಿ ಸಿ.ಡಿ. ಹಾಕಿಕೊಂಡು ಕೇಳಿದರು, ಕೆಲವರಿಗೆ ಅದು ಊರಿನ ಧ್ವನಿವರ್ಧಕದಲ್ಲಿ ಕೇಳಿಸಿತು. ಸಿ.ಡಿ. ಕೇಳಿದವರು ಬದಲಾಗಲಿಲ್ಲ. ಧ್ವನಿವರ್ಧಕದಲ್ಲಿ ಕೇಳಿದವರಲ್ಲಿ ಹಿಂಸೆಯನ್ನು ಒಪ್ಪಿಕೊಳ್ಳುವ ರೂಢಿ ಸಡಿಲವಾಯಿತು. ಊರೆಲ್ಲ ಕೇಳಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಇಂದಿನ ಆಂದೋಲನಗಳು ಹುಡುಗನೊಬ್ಬನ ಅಂಗೈಯಲ್ಲಿ ಮೂವತ್ತು ಸೆಕೆಂಡು ಮಿನುಗಿ ಮಾಯವಾಗುತ್ತವೆ. ಪಕ್ಕದಲ್ಲೇ ಕೂತ ಗೆಳೆಯ ಅದನ್ನು ನೋಡಿದನೇ, ನೋಡಿ ಏನೆಂದುಕೊಂಡ ಎಂಬುದು ಇವನಿಗೆ ತಿಳಿಯುವುದೇ ಇಲ್ಲ. ಮುಂಬೈಯಲ್ಲಿ ‘ಪರಿವರ್ತನ್’ ಎಂಬ ಕಾರ್ಯಕ್ರಮ ಹುಡುಗರಿಗೆ ತಿಳಿಹೇಳುವ ಕೆಲಸವನ್ನು ಕ್ರಿಕೆಟ್ ಕೋಚ್‌ಗಳಿಗೆ ಒಪ್ಪಿಸಿತ್ತು. ಹುಡುಗಿಯರನ್ನು ಹೇಗೆ ಕಾಣಬೇಕು, ಸಿಟ್ಟು ಬಂದಾಗ ಕೈಯನ್ನು ಏನು ಮಾಡಬೇಕು ಎಂಬ ಮಾತು ಅಭ್ಯಾಸದ ಮೈದಾನದಲ್ಲೇ ನಡೆಯುತ್ತಿತ್ತು. ಅಲ್ಲಿ ಹುಡುಗರ ಮುಂದಿರುವುದು ಪರದೆಯಲ್ಲ. ತಾವು ದಿನವೂ ಜೊತೆಗೆ ಆಡುವ, ಜೊತೆಗೆ ಜಗಳಕ್ಕೂ ಹೋಗುವ ಹತ್ತಾರು ಮುಖಗಳು. ಕೋಚ್ ಹೇಳಿದ್ದನ್ನು ಅವರೂ ಕೇಳಿಸಿಕೊಳ್ಳುತ್ತಿದ್ದಾರೆಂದು ಒಬ್ಬೊಬ್ಬನಿಗೂ ಕಾಣುತ್ತಿರುತ್ತದೆ.